ನೇರಳೆ ಮರದ ಕೆಳಗಿನ ಕಾಂಕ್ರೀಟ್: ಹಣ್ಣು, ಎಲೆ, ಪಾಚಿಯ ಕಲೆ ತೆಗೆಯುವ ಬಗೆ

ಮುಂಬೈಯ ಮುಲುಂಡಿನ ನಮ್ಮ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಊಟದ ತಟ್ಟೆಯಷ್ಟು ಅಗಲದ ಒಂದು ಜಾಗ ಇದೆ. ಸುತ್ತಲೂ ನುಣ್ಣಗಿನ ಬೂದು ಕಾಂಕ್ರೀಟ್. ಅಲ್ಲಿ ಮಾತ್ರ ಮೇಲಿನ ಸಿಮೆಂಟ್ ಎದ್ದು ಹೋಗಿ ಮರಳು, ಜಲ್ಲಿ ಕಾಣುತ್ತದೆ. ಕೈಯಾಡಿಸಿದರೆ ಸ್ಯಾಂಡ್‌ಪೇಪರಿನ ಹಾಗೆ ತರಿತರಿ. ಅದು ನನ್ನದೇ ಕೆಲಸ. ನೇರಳೆ ಹಣ್ಣಿನ ಕಲೆ ಹೋಗಲಿ ಎಂದು ಬಾತ್‌ರೂಮ್ ಆಸಿಡ್ ಸುರಿದಿದ್ದೆ. ಬುಸ್ಸೆಂದು ನೊರೆ ಬಂತು. ತೊಳೆದ ಮೇಲೆ ಕಲೆ ಇರಲಿಲ್ಲ. ಗೆದ್ದೆ ಅಂದುಕೊಂಡೆ. ಮುಂದಿನ ಜೂನ್ ತಿಂಗಳಲ್ಲಿ ಹಣ್ಣು ಬಿದ್ದಾಗ ಇಡೀ ಪಾರ್ಕಿಂಗಿನಲ್ಲಿ ಎಲ್ಲಕ್ಕಿಂತ ಗಾಢವಾಗಿ ಕಲೆ ಹಿಡಿದದ್ದು ಅದೇ ಜಾಗ.

ಆಸಿಡ್ ಕಲೆಯನ್ನು ತೆಗೆಯುವುದಿಲ್ಲ. ಕಲೆ ಕೂತಿರುವ ಸಿಮೆಂಟನ್ನೇ ತಿಂದು ಹಾಕುತ್ತದೆ. ಸಿಮೆಂಟ್ ಅಂದರೆ ಸುಣ್ಣದ ಸಂಬಂಧಿ. ಸುಣ್ಣಕ್ಕೆ ಹುಳಿ ಆಗದು. ಮೇಲಿನ ನುಣ್ಣನೆಯ ಪದರ ಹೋದರೆ ಒಳಗಿನ ಸಣ್ಣ ಸಣ್ಣ ರಂಧ್ರಗಳು ಬಾಯಿ ತೆರೆದುಕೊಳ್ಳುತ್ತವೆ. ಆಮೇಲೆ ಬಿದ್ದದ್ದನ್ನೆಲ್ಲಾ ನೆಲ ಕುಡಿಯುತ್ತದೆ. ಟಾಯ್ಲೆಟ್ ಕ್ಲೀನರಿನಲ್ಲಿ ಸಾಮಾನ್ಯವಾಗಿ ಇರುವುದೂ ಇದೇ ಹೈಡ್ರೋಕ್ಲೋರಿಕ್ ಆಸಿಡ್. ವಿನೆಗರ್, ನಿಂಬೆಹಣ್ಣು, ಹುಣಸೆಹುಳಿ ಹಚ್ಚಿ ತಿಕ್ಕುವ ಉಪಾಯವೂ ಅದೇ ಜಾತಿಯದು, ಸ್ವಲ್ಪ ಮೆಲ್ಲಗೆ ಅಷ್ಟೇ. ಇನ್ನು ಟೆರೇಸಿನ ಸ್ಲ್ಯಾಬ್ ಆದರೆ ಆಸಿಡ್ ಬಾಟಲಿಯನ್ನು ಹತ್ತಿರವೂ ತರಬೇಡಿ. ಅದರಲ್ಲಿರುವ ಕ್ಲೋರೈಡ್ ಬಿರುಕಿನಿಂದ ಇಳಿದು ಒಳಗಿನ ಕಬ್ಬಿಣದ ಸರಳಿಗೆ ತಾಗಿದರೆ ತುಕ್ಕು ಶುರುವಾಗುತ್ತದೆ. ಮುಂಬೈಯ ಹಳೇ ಬಿಲ್ಡಿಂಗುಗಳ ಸ್ಲ್ಯಾಬ್ ಉದುರುವುದನ್ನು ನಾವು ಸಾಕಷ್ಟು ನೋಡಿದ್ದೇವೆ, ಅಲ್ವಾ?

ಹಾಗಾದರೆ ಏನು ಮಾಡಬೇಕು? ಮೊದಲು ಅದು ಯಾವ ಕಲೆ ಎಂದು ಗುರುತಿಸಬೇಕು. ಗಿಡಮರದ ಕಲೆ ಅಂತ ಒಂದೇ ಇಲ್ಲ. ಒಂದಕ್ಕೆ ಮದ್ದಾದದ್ದು ಇನ್ನೊಂದನ್ನು ಇನ್ನೂ ಗಟ್ಟಿ ಮಾಡುತ್ತದೆ.

ಯಾವ ಕಲೆ ಇದು?

ಇದನ್ನು ನನಗೆ ಕಲಿಸಿದ್ದು ನಮ್ಮ ಅತ್ತೆ. ಶಿರಸಿಯಿಂದ ಬಂದವರು ಪಾರ್ಕಿಂಗಿನಲ್ಲಿ ನಿಂತು ನೆಲ ನೋಡಿದರು. "ಇದು ಚೊಗರಿನ ಕಲೆ ಅಲ್ದನೇ?" ಅಂದರು. ಮಲೆನಾಡಿನವರಿಗೆ ಚೊಗರು ಗೊತ್ತು. ಹಸಿ ಅಡಿಕೆ ಬೇಯಿಸಿದ ಕೆಂಪು ನೀರು ಅದು. ಅಂಗಳಕ್ಕೆ ಚೆಲ್ಲಿದರೆ ಕಲೆ ಸುಲಭಕ್ಕೆ ಹೋಗುವುದಿಲ್ಲ. ನಮ್ಮ ಪಾರ್ಕಿಂಗಿನಲ್ಲಿ ಅಡಿಕೆ ಎಲ್ಲಿಂದ ಬರಬೇಕು? ಆದರೆ ಅತ್ತೆ ಹೇಳಿದ್ದು ಸರಿಯೇ. ಗೇಟಿನ ಹತ್ತಿರ ಬಾದಾಮಿ ಮರ ಇದೆ. ಮುಂಬೈಯ ಅರ್ಧ ಹೌಸಿಂಗ್ ಸೊಸೈಟಿಗಳಲ್ಲಿ ಇರುವ ಅದೇ ಅಗಲ ಎಲೆಯ ದೇಸಿ ಬಾದಾಮಿ. ಉದುರುವ ಮೊದಲು ಎಲೆ ಕೆಂಪಾಗುತ್ತದೆ. ಆ ಎಲೆಯನ್ನು ನೀರಿನಲ್ಲಿ ಹಾಕಿಟ್ಟರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅಕ್ವೇರಿಯಂ ಮೀನು ಸಾಕುವವರು ಇದನ್ನು ಬೇಕೆಂದೇ ಮಾಡುತ್ತಾರೆ. ಮಳೆಗಾಲದಲ್ಲಿ ನಮ್ಮ ನೆಲದ ಮೇಲೆ ಬೇಡ ಅಂದರೂ ಅದೇ ನಡೆಯುತ್ತದೆ.

ಆ ಬಣ್ಣದ ಹೆಸರು ಟ್ಯಾನಿನ್. ನಾಲಿಗೆಗೆ ಒಗರು ಅನ್ನಿಸುವುದು ಅದೇ. ನನ್ನ ಲೆಕ್ಕ ಸುಲಭ: ಬಾಯಿಗೆ ಒಗರಾದದ್ದು ನೆಲಕ್ಕೆ ಕಲೆ. ಬಾಳೆಕಾಯಿ, ಗೇರುಹಣ್ಣು, ತೆಂಗಿನ ಸಿಪ್ಪೆ, ಅಡಿಕೆ, ತೇಗದ ಎಲೆ, ಮಾವಿನ ಎಲೆ, ನೇರಳೆ. ಪಾನ್ ಉಗಿದ ಕಲೆಯೂ ಈ ಪಂಗಡದ್ದೇ. ಅದರಲ್ಲಿರುವ ಕಾಚು ಮರದ ಚೊಗರು ತಾನೇ?

ಕಲೆಗಳನ್ನು ನಾನು ನಾಲ್ಕು ಬಗೆಯಾಗಿ ನೋಡುತ್ತೇನೆ.

ಮೊದಲನೆಯದು ಹಣ್ಣಿನ ಬಣ್ಣ. ನೇರಳೆ, ಹಿಪ್ಪುನೇರಳೆ, ಪುನರ್ಪುಳಿ. ಇದರ ಬಣ್ಣ ಹುಳಿಯಲ್ಲಿ ಕೆಂಪು, ಸುಣ್ಣದಂಥ ಕ್ಷಾರದಲ್ಲಿ ನೀಲಿ. ಅದಕ್ಕೇ ನಾಲಿಗೆಯ ಮೇಲೆ ಕೆನ್ನೇರಳೆಯಾಗಿರುವ ಹಣ್ಣು ಕಾಂಕ್ರೀಟಿನ ಮೇಲೆ ನೀಲಿ-ಬೂದು ಆಗುತ್ತದೆ. ಅನುಮಾನ ಇದ್ದರೆ ಕಲೆಯ ಮೂಲೆಗೆ ಒಂದೇ ಒಂದು ಹನಿ ನಿಂಬೆರಸ ಬಿಡಿ. ಗುಲಾಬಿ ಬಣ್ಣಕ್ಕೆ ತಿರುಗಿದರೆ ಹಣ್ಣಿನ ಕಲೆ, ಇನ್ನೂ ತಾಜಾ ಇದೆ. ಕೂಡಲೇ ನೀರು ಹಾಕಿ ತೊಳೆಯಿರಿ. ನಿಂಬೆ ಪರೀಕ್ಷೆಗೆ ಮಾತ್ರ, ತಿಕ್ಕಲಿಕ್ಕಲ್ಲ. ತಿಂಗಳುಗಟ್ಟಲೆ ಹಳೆಯದಾಗಿ ಕಂದಿದ ಕಲೆ ಈ ಪರೀಕ್ಷೆಗೆ ಬಗ್ಗುವುದಿಲ್ಲ.

ಎರಡನೆಯದು ಚಹಾ ಬಣ್ಣದ ಚೊಗರು. ಎಲೆಯ ಅಚ್ಚು ಹಾಗೇ ಮೂಡಿರುತ್ತದೆ, ನರ ಸಮೇತ.

ಮೂರನೆಯದು ಕಪ್ಪು ಅಥವಾ ನೀಲಿಗಪ್ಪು. ಸ್ಕೂಟರಿನ ಸ್ಟ್ಯಾಂಡ್ ಊರುವ ಜಾಗ, ಗೇಟಿನ ಬುಡ, ಕಬ್ಬಿಣದ ಕುಂಡದ ಸ್ಟ್ಯಾಂಡಿನ ಕೆಳಗೆ ನೋಡಿ. ಒದ್ದೆ ಎಲೆಯ ಚೊಗರಿಗೆ ಕಬ್ಬಿಣ ಸೇರಿದರೆ ಶಾಯಿಯಾಗುತ್ತದೆ. ಉಪಮೆಯಲ್ಲ ಇದು, ನಿಜವಾಗಿಯೂ ಶಾಯಿಯೇ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಹಿಂದಿನವರು ಬರೆಯುವ ಮಸಿ ಮಾಡುತ್ತಿದ್ದರು. ಅನ್ನಭೇದಿ ಅಂದರೆ ಕಬ್ಬಿಣದ ಲವಣ. ಪಾರ್ಕಿಂಗಿನಲ್ಲಿ ನಮ್ಮ ಸ್ಕೂಟರುಗಳು ಮಾಡುತ್ತಿರುವುದೂ ಅದನ್ನೇ.

ನಾಲ್ಕನೆಯದು ಪಾಚಿ. ಹಸಿರು, ಒಣಗಿದರೆ ಕಪ್ಪು, ಕಾಲಿಟ್ಟರೆ ಜಾರುವುದು. ಇದು ಕಲೆಯಲ್ಲ, ಜೀವ ಇರುವ ವಸ್ತು. ಕಪ್ಪಾದ ಪಾಚಿಯನ್ನು ಚೊಗರು ಅಂದುಕೊಂಡು ಮೋಸ ಹೋಗುವುದು ಜಾಸ್ತಿ. ಒಂದು ಹನಿ ಬ್ಲೀಚ್ ನೀರು ಬಿಟ್ಟು ನೋಡಿ. ಪಾಚಿಯಾದರೆ ಕೆಲವೇ ನಿಮಿಷದಲ್ಲಿ ಬಿಳಚಿಕೊಳ್ಳುತ್ತದೆ. ಚೊಗರು ನಿಧಾನ. ತುಕ್ಕಾದರೆ ಕದಲುವುದೇ ಇಲ್ಲ.

ಇವಿಷ್ಟೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಇರಬಹುದು. ನಮ್ಮಲ್ಲಿ ಇತ್ತು. ಹಾಗಿದ್ದರೆ ಪಾಚಿಯಿಂದ ಶುರು ಮಾಡಿ. ಅದು ಹೋಗುವ ತನಕ ಅಡಿಯಲ್ಲಿರುವುದು ಕಾಣುವುದಿಲ್ಲ.

ಈಗಷ್ಟೇ ಬಿದ್ದ ಹಣ್ಣು

ಮುಂಬೈಯಲ್ಲಿ ನೇರಳೆ ಮಾಗುವುದು ಮಳೆಗೆ ಸರಿಯಾಗಿ, ಮೇ ಕೊನೆಯಿಂದ ಜೂನ್ ತನಕ. ಹಣ್ಣು ಬಿದ್ದ ದಿನವೇ ತೆಗೆದರೆ ಅರ್ಧ ಕೆಲಸ ಮುಗಿದ ಹಾಗೆ. ಆದರೆ ಪೊರಕೆ ಹಿಡಿಯಬೇಡಿ. ಜಜ್ಜಿದ ಹಣ್ಣನ್ನು ಗುಡಿಸಿದರೆ ಒಂದು ಕಲೆ ಹತ್ತಡಿ ಉದ್ದವಾಗುತ್ತದೆ. ನಮ್ಮ ವಾಚ್‌ಮನ್ ಭಯ್ಯಾಗೆ ಇದನ್ನು ಹೇಳಿ ಒಪ್ಪಿಸಲು ನನಗೆ ಎರಡು ಮಳೆಗಾಲ ಹಿಡಿಯಿತು. ಗಟ್ಟಿ ರಟ್ಟಿನ ತುಂಡಿನಿಂದ ಮೇಲಕ್ಕೆತ್ತಿ. ಬೀಜ, ಸಿಪ್ಪೆ ಎಲ್ಲಾ ತೆಗೆದ ಮೇಲೆ ಧಾರಾಳವಾಗಿ ನೀರು ಹಾಕಿ. ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ, ಬೆಚ್ಚಗಿನ ನೀರು, ನೈಲಾನ್ ಬ್ರಷ್. ತಾಜಾ ಕಲೆಗೆ ಇಷ್ಟೇ ಸಾಕಾಗುವುದೂ ಉಂಟು.

ನೈಲಾನ್ ಎಂದೆ, ಗಮನಿಸಿ. ಕಬ್ಬಿಣದ ತಂತಿಯ ಬ್ರಷ್ ಬೇಡವೇ ಬೇಡ. ಅದರ ಎಳೆಗಳು ಮುರಿದು ನೆಲದ ರಂಧ್ರದಲ್ಲಿ ಉಳಿಯುತ್ತವೆ. ಆಮೇಲೆ ಎಲೆ ಬಿದ್ದರೆ ಮತ್ತೆ ಶಾಯಿ.

ಹಕ್ಕಿ ಹಿಕ್ಕೆಯ ವಿಷಯವೂ ಇದೆ. ಕೋಗಿಲೆ, ಪಿಕಳಾರ ನೇರಳೆ ತಿಂದು ಹಾಕಿದ ಹಿಕ್ಕೆ ಹಣ್ಣಿಗಿಂತ ಬಣ್ಣದ್ದು. ರಾತ್ರಿ ಬಾವಲಿಗಳು ಬಾದಾಮಿ ಕಾಯಿ ಜಗಿದು ನಾರು ಉಗಿಯುತ್ತವೆ. ಒಣಗಿದ್ದನ್ನು ಹಾಗೇ ಕೆರೆಯಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಒದ್ದೆ ಬಟ್ಟೆ ಹತ್ತು ನಿಮಿಷ ಹೊದಿಸಿಟ್ಟು ಆಮೇಲೆ ತೆಗೆಯಿರಿ. ಉಳಿದದ್ದು ಹಣ್ಣಿನ ಕಲೆಯ ಹಾಗೇ.

ಪಾಚಿಗೆ ಬ್ಲೀಚಿಂಗ್ ಪೌಡರ್

ಮುಂಬೈಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಷ್ಟೂ ಹೆಚ್ಚುಕಡಿಮೆ ನಾಲ್ಕೇ ತಿಂಗಳಲ್ಲಿ. ಬಿಸಿಲು ಬೀಳದ ಮೂಲೆಯಲ್ಲಿ ಪಾಚಿ ಬಾರದೆ ಇನ್ನೇನು ಬಂದೀತು?

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬ್ಲೀಚಿಂಗ್ ಪೌಡರ್ ಸಾಕು. ಹೊಸದಾಗಿರಲಿ. ಪ್ಯಾಕೆಟ್ ಒಡೆದು ವರ್ಷವಾದ ಪುಡಿಯಲ್ಲಿ ವಾಸನೆ ಮಾತ್ರ ಇರುತ್ತದೆ, ಶಕ್ತಿ ಇರುವುದಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಹಾಕಿ ಕಲಕಿ. ಹದಿನೈದು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಳಸಿ. ಗಸಿಯನ್ನೂ ಸುರಿದರೆ ಪಾಚಿ ಹೋಗಿ ಬಿಳಿ ಪೊರೆ ಉಳಿಯುತ್ತದೆ. ಬಟ್ಟೆಗೆ ಹಾಕುವ ರಿನ್ ಆಲಾದಂಥ ಲಿಕ್ವಿಡ್ ಬ್ಲೀಚ್ ಇದ್ದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು ಸೇರಿಸಿ.

ನೆಲವನ್ನು ಮೊದಲು ಬರೀ ನೀರಿನಿಂದ ಒದ್ದೆ ಮಾಡಿ. ಇದು ಎಲ್ಲಾ ದ್ರಾವಣಕ್ಕೂ ಅನ್ವಯಿಸುತ್ತದೆ. ಒಣಗಿದ ಕಾಂಕ್ರೀಟ್ ದ್ರಾವಣವನ್ನೂ ಕಲೆಯನ್ನೂ ಒಟ್ಟಿಗೆ ಒಳಕ್ಕೆಳೆದುಕೊಳ್ಳುತ್ತದೆ. ಒದ್ದೆಯಾಗಿದ್ದರೆ ಮದ್ದು ಮೇಲೆಯೇ ನಿಂತು ಕೆಲಸ ಮಾಡುತ್ತದೆ. ಹದಿನೈದು ನಿಮಿಷ ಬಿಟ್ಟು ತಿಕ್ಕಿ, ಚೆನ್ನಾಗಿ ತೊಳೆಯಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಮಾಡಿದರೆ ಒಣಗಿಬಿಡುತ್ತದೆ. ಬೆಳಿಗ್ಗೆ ಏಳಕ್ಕೆ ಶುರು ಮಾಡಿದರೆ ಒಳ್ಳೆಯದು. ಕಾರುಗಳು ಹೊರಡುವ ಮೊದಲು ಜಾಗ ಖಾಲಿ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಟೆರೇಸ್ ಸ್ಲ್ಯಾಬಿನ ಮೇಲೆ ಬ್ಲೀಚನ್ನೂ ಕೈ ಹಿಡಿದು ಬಳಸಿ. ಅದರಲ್ಲೂ ಕ್ಲೋರೈಡ್ ಇದೆ.

ಇಲ್ಲಿ ಒಂದು ಮಾತು, ಇಡೀ ಲೇಖನದಲ್ಲಿ ಇದೊಂದನ್ನಾದರೂ ನೆನಪಿಡಿ. ಬ್ಲೀಚ್ ಇರುವಲ್ಲಿಗೆ ಯಾವ ಆಸಿಡನ್ನೂ, ಟಾಯ್ಲೆಟ್ ಕ್ಲೀನರನ್ನೂ, ವಿನೆಗರನ್ನೂ ತರಬಾರದು. ಎರಡು ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಶ್ವಾಸಕೋಶಕ್ಕೆ ವಿಷ. ಅಮೋನಿಯಾ ಇರುವ ಗಾಜು ಒರೆಸುವ ಲಿಕ್ವಿಡ್ ಕೂಡ ಬೇಡ. "ಎರಡೂ ಹಾಕಿದರೆ ಡಬಲ್ ಪವರ್" ಎಂದು ಯಾರಾದರೂ ಹೇಳಿದರೆ ಬಕೆಟ್ಟನ್ನು ಅವರ ಕೈಯಿಂದ ತೆಗೆದುಕೊಳ್ಳಿ. ರಬ್ಬರ್ ಕೈಗವಸು, ಹಳೇ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ. ಮಕ್ಕಳು, ಬೀದಿನಾಯಿ, ಬೆಕ್ಕು ಆ ಕಡೆ ಸುಳಿಯದ ಹಾಗೆ ನೋಡಿಕೊಳ್ಳಿ. ಮರದ ಬುಡಕ್ಕೆ, ಕುಂಡಕ್ಕೆ ನೀರು ಹರಿಯುವುದಾದರೆ ಮೊದಲೇ ಆ ಮಣ್ಣಿಗೆ ಚೆನ್ನಾಗಿ ನೀರು ಕುಡಿಸಿ. ಒದ್ದೆ ಮಣ್ಣು ಬ್ಲೀಚನ್ನು ಅಷ್ಟಾಗಿ ಹೀರುವುದಿಲ್ಲ.

ಚೊಗರಿಗೆ ಮತ್ತು ಹಳೇ ಹಣ್ಣಿನ ಕಲೆಗೆ

ಇಲ್ಲಿ ನನಗೆ ಬ್ಲೀಚಿಂಗ್ ಪೌಡರಿಗಿಂತ ಆಮ್ಲಜನಕದ ಬ್ಲೀಚ್ ಇಷ್ಟ. ಸೋಡಿಯಂ ಪರ್ಕಾರ್ಬೊನೇಟ್ ಎಂಬ ಬಿಳಿ ಪುಡಿ. ಆನ್‌ಲೈನಿನಲ್ಲಿ ಸಿಗುತ್ತದೆ. ಬಟ್ಟೆಯ ಕಲೆ ತೆಗೆಯುವ ಕೆಲವು ಪುಡಿಗಳಲ್ಲೂ ಇರುತ್ತದೆ, ಡಬ್ಬಿ ತಿರುಗಿಸಿ ಓದಿ. ನೀರಿಗೆ ಬಿದ್ದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಕ್ಲೋರಿನ್ ವಾಸನೆ ಇಲ್ಲ, ಕಬ್ಬಿಣ ತಿನ್ನುವುದಿಲ್ಲ, ಗಿಡಕ್ಕೂ ಅಷ್ಟು ಕೆಡುಕಿಲ್ಲ.

ಒಂದು ಲೀಟರ್ ಬಿಸಿನೀರಿಗೆ ಮೂರು-ನಾಲ್ಕು ದೊಡ್ಡ ಚಮಚ. ತಣ್ಣೀರಿನಲ್ಲಿ ಇದು ಸೋಮಾರಿ. ಒದ್ದೆ ಮಾಡಿದ ನೆಲದ ಮೇಲೆ ಹರಡಿ ಅರ್ಧ ಗಂಟೆ ಬಿಡಿ. ನಡುವೆ ಒಣಗುತ್ತಾ ಬಂದರೆ ಇನ್ನಷ್ಟು ಹಾಕಿ. ಆಮೇಲೆ ತಿಕ್ಕಿ ತೊಳೆಯಿರಿ. ಎಲೆಯ ಕಲೆ ಮೊದಲು ಇನ್ನೂ ಕಂದಾದ ಹಾಗೆ ಕಂಡೀತು. ಸೋಡಾದ ಕ್ಷಾರಕ್ಕೆ ಚೊಗರು ಗಾಢವಾಗುತ್ತದೆ. ಗಾಬರಿ ಬೇಡ. ಆದರೆ ಇದೇ ಕಾರಣಕ್ಕೆ ಬರೀ ವಾಷಿಂಗ್ ಸೋಡಾ ಹಾಕಿ ತಿಕ್ಕುವುದು ದಂಡ.

ಕಲಸಿದ್ದನ್ನು ಅಂದೇ ಮುಗಿಸಿ. ಉಳಿಯಿತು ಎಂದು ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಡಿ. ಒಳಗೆ ಗಾಳಿ ಉಬ್ಬಿ ಬಾಟಲಿ ಒಡೆಯಬಹುದು.

ಒಂದು ಸಲಕ್ಕೆ ಎಲ್ಲಾ ಹೋಗದು. ಎರಡು ಮೂರು ಸಲ ಮಾಡಬೇಕು. ನಡುವೆ ನೆಲ ಪೂರ್ತಿ ಒಣಗಲು ಬಿಡಿ, ಒದ್ದೆ ನೆಲದಲ್ಲಿ ಎಷ್ಟು ಹೋಯಿತು, ಎಷ್ಟು ಉಳಿಯಿತು ಗೊತ್ತಾಗುವುದಿಲ್ಲ.

ಆಳಕ್ಕಿಳಿದ ಕಲೆಗೆ ಪಟ್ಟು

ಮೇಲಿಂದ ತಿಕ್ಕಿ ತಿಕ್ಕಿ ಕೈ ಸೋತಿತು, ಕಲೆ ಹಾಗೇ ಇದೆ ಅಂದರೆ ಅದು ಕೆಳಗೆ ಕೂತಿದೆ ಎಂದರ್ಥ. ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಕಲೆಯನ್ನೇ ಮೇಲಕ್ಕೆ ಕರೆಯಬೇಕು. ಕುರುವಿಗೆ ಹಿಂದಿನವರು ಪಟ್ಟು ಹಾಕುತ್ತಿದ್ದರಲ್ಲ, ಹಾಗೆ. ಕಲ್ಲು-ಮಾರ್ಬಲ್ ಕೆಲಸದವರು ಇದನ್ನು ಪೌಲ್ಟಿಸ್ ಅನ್ನುತ್ತಾರೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಪಾರ್ಕಿಂಗಿನ ಹಳೇ ಕಲೆಗಳನ್ನು ನಿಜವಾಗಿ ತೆಗೆದದ್ದು ಇದೊಂದೇ.

ಬೇಕಾದ್ದು ಎರಡೇ ಸಾಮಾನು. ಪೇಂಟ್ ಅಂಗಡಿಯ ಚಾಕ್ ಪೌಡರ್, ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯಲು ಕೊಡುವ ಅದೇ ಬಾಟಲಿ, ಸಾಮಾನ್ಯವಾಗಿ ಶೇಕಡಾ 6ರದು. ಮುಲ್ತಾನಿ ಮಿಟ್ಟಿ ಮನೆಯಲ್ಲೇ ಇದೆ ಎಂದು ನಾನು ಮೊದಲ ಸಲ ಅದನ್ನು ಹಾಕಿದೆ. ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ. ನೇರಳೆ ಕಲೆ ಹೋಗಿ ಹಳದಿ ಕಲೆ ಬಂತು. ಬಿಳಿ ಚಾಕ್ ಪುಡಿಯೇ ಸರಿ.

1. ಕಲೆಯನ್ನು ಸೋಪು ನೀರಿನಿಂದ ತೊಳೆದು ಜಿಡ್ಡು, ಧೂಳು ತೆಗೆಯಿರಿ. ನೆಲ ಸ್ವಲ್ಪ ತೇವ ಇರಲಿ, ನೀರು ನಿಂತಿರಬಾರದು.

2. ಪುಡಿಗೆ ಪೆರಾಕ್ಸೈಡ್ ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಚಟ್ನಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆದು. ಚಮಚ ಓರೆ ಮಾಡಿದರೆ ಜಾರಿ ಬೀಳಬಾರದು. ಸ್ಟೀಲ್, ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ.

3. ಕಾಲು ಇಂಚು ದಪ್ಪಕ್ಕೆ ಹಚ್ಚಿ. ಕಲೆಯ ಅಂಚಿನಿಂದ ಎರಡು ಬೆರಳು ಆಚೆಗೂ ಬರಲಿ. ಇಲ್ಲದಿದ್ದರೆ ಕಲೆ ಪಕ್ಕಕ್ಕೆ ಸರಿದು ಉಂಗುರವಾಗುತ್ತದೆ.

4. ಕತ್ತರಿಸಿ ಬಿಡಿಸಿದ ಹಾಲಿನ ಪ್ಯಾಕೆಟ್ ಮುಚ್ಚಿ ಸುತ್ತಲೂ ಟೇಪ್ ಅಂಟಿಸಿ. ಗಾಳಿ ಹೋಗಲು ಸೂಜಿಯಿಂದ ನಾಲ್ಕು ತೂತು. ಹೀಗೆ 24 ಗಂಟೆ.

5. ಪ್ಲಾಸ್ಟಿಕ್ ತೆಗೆದು ಪಟ್ಟನ್ನು ಹಾಗೇ ಒಣಗಲು ಬಿಡಿ. ಇದೇ ಮುಖ್ಯ. ಜನ ಇಲ್ಲೇ ಆತುರ ಮಾಡಿ ತೊಳೆದುಬಿಡುತ್ತಾರೆ. ಒಣಗುವಾಗಲೇ ಒಳಗಿನ ತೇವ ಪುಡಿಯ ಕಡೆಗೆ ಏರುತ್ತದೆ, ಕರಗಿದ ಬಣ್ಣವನ್ನೂ ಹೊತ್ತು ತರುತ್ತದೆ. ದೀಪದ ಬತ್ತಿ ಎಣ್ಣೆ ಏರಿಸಿಕೊಂಡ ಹಾಗೆ.

6. ಬಿರುಕು ಬಿಟ್ಟು ಒಣಗಿದ ಮೇಲೆ ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಎತ್ತಿ, ತೊಳೆಯಿರಿ.

ಪಟ್ಟಿನ ಅಡಿಭಾಗ ಕಂದು ಬಣ್ಣಕ್ಕೆ ತಿರುಗಿದ್ದರೆ ಕೆಲಸ ನಡೆದಿದೆ. ಇನ್ನೊಮ್ಮೆ ಹಾಕಿ. ನಾಲ್ಕನೇ ಸಲವೂ ಪುಡಿ ಬಿಳಿಯಾಗೇ ಬಂತೆಂದರೆ ಇನ್ನು ಬರುವಂಥದ್ದು ಏನೂ ಇಲ್ಲ, ಬಿಟ್ಟುಬಿಡಿ. ಮಳೆಗಾಲದಲ್ಲಿ ಪಟ್ಟು ಒಣಗುವುದೇ ಇಲ್ಲ. ಅಕ್ಟೋಬರ್ ತನಕ ಕಾಯಿರಿ. ಮೆಟ್ಟಿಲ ಮೂಲೆಯ ಪಾನ್ ಕಲೆಗೂ ಇದೇ ಪಟ್ಟು. ಆದರೆ ಹೊಸದಾಗಿ ಉಗಿಯುವವರಿಗೆ ಯಾವ ಪಟ್ಟೂ ಇಲ್ಲ.

ಶಾಯಿಯಂಥ ಕಪ್ಪು ಕಲೆ, ತುಕ್ಕು

ಕಬ್ಬಿಣ ಸೇರಿದ ಕಲೆಗೆ ಬ್ಲೀಚ್ ಹಾಕಿದರೆ ಕಪ್ಪು ಹೋಗಿ ತುಕ್ಕಿನ ಕಂದು ಉಳಿಯುತ್ತದೆ. ಇದೊಂದಕ್ಕೆ ಮಾತ್ರ ಸ್ವಲ್ಪ ಹುಳಿ ಬೇಕು, ಅದೂ ಹೈಡ್ರೋಕ್ಲೋರಿಕ್ ಅಲ್ಲ. ಮೊಸಾಯಿಕ್, ಮಾರ್ಬಲ್ ಪಾಲಿಶ್ ಮಾಡುವವರು ಬಳಸುವ ಆಕ್ಸಾಲಿಕ್ ಪೌಡರ್. ಕಬ್ಬಿಣವನ್ನು ಹಿಡಿದು ನೀರಿಗೆ ಕರಗಿಸಿಬಿಡುವುದು ಅದರ ಗುಣ.

ಇದು ವಿಷ. ಸಕ್ಕರೆಯ ಹಾಗೆ ಕಾಣುತ್ತದೆ, ಆದ್ದರಿಂದ ಅಡುಗೆಮನೆಯ ಡಬ್ಬಿಗೆ ಹಾಕಲೇಬೇಡಿ. ತಂದಷ್ಟನ್ನು ಮುಗಿಸಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ. ಕಲೆಯ ಮೇಲೆ ಮಾತ್ರ ಹಚ್ಚಿ, ಹತ್ತು ನಿಮಿಷ ಬಿಟ್ಟು ತಿಕ್ಕಿ, ಬಕೆಟ್ಟುಗಟ್ಟಲೆ ನೀರಿನಲ್ಲಿ ತೊಳೆಯಿರಿ. ಹಿಂದಿನ ದಿನ ಬ್ಲೀಚ್ ಹಾಕಿದ್ದರೆ ಅದು ಪೂರ್ತಿ ತೊಳೆದು ಹೋಗಿರಬೇಕು. ನಾನು ಎರಡರ ನಡುವೆ ಒಂದು ವಾರವೇ ಬಿಟ್ಟಿದ್ದೆ.

ಕೆಂಪು ಪೇವರ್ ಬ್ಲಾಕ್ ಇದ್ದರೆ ಆಕ್ಸಾಲಿಕ್ ಬೇಡ. ಆ ಕೆಂಪು ಬಣ್ಣವೇ ಕಬ್ಬಿಣದ್ದು, ಮಾಸಬಹುದು. ಕೋಟಾ ಕಲ್ಲಿಗೂ ಬೇಡ. ಅದು ಸುಣ್ಣದ ಕಲ್ಲು, ಹೊಳಪು ಹೋಗುತ್ತದೆ. ಯಾವ ನೆಲವಾದರೂ ಮೊದಲು ಯಾರೂ ನೋಡದ ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಹಾಕಿ, ಒಣಗಿದ ಮೇಲೆ ನೋಡಿ.

ಸುಮ್ನೆ ಬಿಡುವುದೂ ಒಂದು ಉಪಾಯ

ಬಿಸಿಲು ಬೀಳುವ ಜಾಗದಲ್ಲಿ ಎಲೆಯ ಅಚ್ಚಿದ್ದರೆ ಏನೂ ಮಾಡಬೇಡಿ. ಎಲೆ ಗುಡಿಸಿ ನೆಲ ಬಯಲಾಗಿಡಿ. ಅಕ್ಟೋಬರಿನ ಬಿಸಿಲಿಗೆ ಕೆಲವು ವಾರದಲ್ಲಿ ತಾನಾಗಿಯೇ ಮಾಸುತ್ತದೆ. ನೆರಳಲ್ಲಿರುವುದಕ್ಕೆ ಮಾತ್ರ ನಮ್ಮ ಕೈ ಬೇಕು. ಕುಂಡದ ಅಡಿಯ ಕಂದು ಉಂಗುರವೂ ಹಾಗೇ. ಕುಂಡವನ್ನು ಬೇರೆಡೆಗೆ ಸರಿಸಿದರೆ ಎಷ್ಟೋ ಸಲ ಅದೇ ಹೋಗುತ್ತದೆ. ಮುಂದೆ ಕುಂಡದ ಕೆಳಗೆ ಹೆಂಚಿನ ಚೂರು ಇಟ್ಟು ಎತ್ತರಿಸಿ.

ಕಾರು ತೊಳೆಯುವ ಪ್ರೆಶರ್ ವಾಷರ್ ಬಗ್ಗೆ ಕೇಳುವವರಿದ್ದಾರೆ. ಪಾಚಿಗೆ ಚೆನ್ನಾಗಿದೆ. ಒಳಗಿಳಿದ ಕಲೆಗೆ ಪ್ರಯೋಜನ ಕಡಿಮೆ. ನಳಿಗೆಯನ್ನು ತೀರಾ ಹತ್ತಿರ ಹಿಡಿದರೆ ಸಿಮೆಂಟ್ ಎದ್ದು ಆಸಿಡ್ ಹಾಕಿದ ಕಥೆಯೇ ಆಗುತ್ತದೆ. ಒಂದಡಿ ದೂರ, ಅಗಲವಾಗಿ ಹರಡುವ ನಳಿಗೆ. ನೀರಿನ ಟ್ಯಾಂಕರ್ ತರಿಸುವ ಸೊಸೈಟಿಯಲ್ಲಿ ಇದರ ಮಾತೇ ಎತ್ತಬೇಡಿ, ಸೆಕ್ರೆಟರಿ ಒಪ್ಪುವುದಿಲ್ಲ.

ಮರ ಇರಲಿ, ಬಲೆ ಕಟ್ಟಿ

ಇಷ್ಟೆಲ್ಲಾ ಕೇಳಿ ನಮ್ಮ ಮೀಟಿಂಗಿನಲ್ಲಿ ಒಬ್ಬ ಕಾಕಾ "ಝಾಡ್ ತೋಡೂಯಾ" ಅಂದರು. ಮರವನ್ನೇ ಕಡಿಯೋಣ ಅಂತ. ಹಾಗೆಲ್ಲಾ ಕಡಿಯಲಾಗದು. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ಸಂರಕ್ಷಣಾ ಕಾಯ್ದೆ ಇದೆ. ಸೊಸೈಟಿಯ ಒಳಗಿನ ಮರವಾದರೂ ಪಾಲಿಕೆಯ ಅನುಮತಿ ಬೇಕು. ಕೊಂಬೆ ಸವರುವ ಮೊದಲೂ ಕೇಳಬೇಕು. ಅಷ್ಟಕ್ಕೂ ಮೇ ತಿಂಗಳಲ್ಲಿ ಅದೇ ಕಾಕಾನ ಸ್ಕೂಟರ್ ನಿಲ್ಲುವುದು ಅದೇ ಮರದ ನೆರಳಿನಲ್ಲಿ.

ನಾವು ಹಸಿರು ಶೇಡ್ ನೆಟ್ ತಂದು ಮೇ ಮೂರನೇ ವಾರದಿಂದ ಜೂನ್ ಕೊನೆಯ ತನಕ ಕೊಂಬೆಯ ಕೆಳಗೆ ಕಟ್ಟುತ್ತೇವೆ. ಮಧ್ಯ ಸ್ವಲ್ಪ ಜೋತಿರುತ್ತದೆ. ಹಣ್ಣು ಅಲ್ಲಿ ಬಂದು ಕೂಡುತ್ತದೆ. ಅರ್ಧದಷ್ಟಾದರೂ ಜಜ್ಜದೆ ಸಿಗುತ್ತದೆ. ಉಪ್ಪು ಹಾಕಿ ತಿನ್ನುತ್ತೇವೆ.

ಕಲೆ ಹೋದ ನೆಲಕ್ಕೆ ಸೀಲರ್ ಹೊಡೆದರೆ ಮುಂದಿನ ವರ್ಷ ಕೆಲಸ ಕಡಿಮೆ. ಪೇಂಟ್ ಅಂಗಡಿಯಲ್ಲಿ ಸಿಲೇನ್-ಸಿಲಾಕ್ಸೇನ್ ಸೀಲರ್ ಎಂದು ಕೇಳಿ. ಅದು ಒಳಗೆ ಇಳಿದು ರಂಧ್ರಕ್ಕೆ ನೀರು ಹೋಗದ ಹಾಗೆ ಮಾಡುತ್ತದೆ, ಮೇಲೆ ಹೊಳಪಿನ ಪೊರೆ ಬರುವುದಿಲ್ಲ. ಹೊಳೆಯುವ ಅಕ್ರಿಲಿಕ್ ಬಗೆ ಮಳೆಯಲ್ಲಿ ಜಾರುತ್ತದೆ, ವಯಸ್ಸಾದವರು ಓಡಾಡುವ ಕಡೆ ಬೇಡ. ಹೊಸ ಕಾಂಕ್ರೀಟ್ ಆದರೆ 28 ದಿನ ಕಳೆಯಲಿ. ಮಳೆ ನಿಂತು ಎರಡು ಮೂರು ವಾರ ಬಿಸಿಲು ಬಿದ್ದ ಮೇಲೆ, ನೆಲ ಪೂರ್ತಿ ಒಣಗಿರುವಾಗ ರೋಲರಿನಿಂದ ಹಚ್ಚಿ, ಒಂದೆರಡು ದಿನ ಗಾಡಿ ನಿಲ್ಲಿಸಬೇಡಿ.

ಸೀಲರ್ ಬೇಕೋ ಬೇಡವೋ ಎಂದು ನೋಡಲು ಒಂದು ಚಮಚ ನೀರು ಸಾಕು. ನೆಲದ ಮೇಲೆ ಹನಿಸಿ. ಮಣಿಯಾಗಿ ನಿಂತರೆ ಬೇಡ. ಒಂದು ನಿಮಿಷದೊಳಗೆ ಹೀರಿ ಗಾಢ ಮಚ್ಚೆಯಾದರೆ ಬೇಕು. ಕಳೆದ ನವೆಂಬರಿನಲ್ಲಿ ಪಾರ್ಕಿಂಗಿಗೆಲ್ಲಾ ಒಂದು ಕೈ ಹಚ್ಚಿದೆವು. ಎಲ್ಲಾ ಕಡೆ ನೀರು ಮಣಿಯಾಗಿ ನಿಂತಿತು. ನಾನು ಆಸಿಡ್ ಸುರಿದ ಆ ತಟ್ಟೆಯಗಲದ ಜಾಗ ಮಾತ್ರ ಮೂರನೇ ಕೈ ಹಚ್ಚಿದ ಮೇಲೂ ಕುಡಿಯುತ್ತಲೇ ಇತ್ತು.